ಮಾಳಿಗೆಯ ಮೇಲೆ ಶಾಂತಕ್ಕ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೇಲಕ್ಕೆ. ಮನೆಯವರು ಬಾಗಿಲಲ್ಲಿ ನಿಂತು ಬರ್ರಿ, ಕುಂದ್ರಿ ಅನ್ನುತ್ತಿರುತ್ತಾರೆ, ನೀರಿನ ತಂಬಿಗೆ ಕೈಗೆ ಬಂದಿರುತ್ತದೆ, ನನ್ನ ಕಣ್ಣು ಮಾತ್ರ ಅವರ ತಲೆಯ ಮೇಲಿಂದ ಹಾದು ಸೂರಿನ ಮೂಲೆಗಳನ್ನೆಲ್ಲ ಸುತ್ತಿ ಬರುತ್ತದೆ. ಇದನ್ನು ಕಂಡು ಕೆಲವರು ಲಗುಬಗೆಯಿಂದ ಫ್ಯಾನು ಹಾಕುತ್ತಾರೆ. ಕೆಲವರು, ಅದರಲ್ಲೂ ಹೊಸ ಸೊಸೆಯಂದಿರು, ಜೇಡರ ಬಲೆ ಕಣ್ಣಿಗೆ ಬಿತ್ತೇನೋ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಣ್ಣನ ಮಗನಿಗೆ ಹೆಣ್ಣು ನೋಡಲೆಂದು ಹಾವೇರಿಗೆ ಹೋಗಿದ್ದಾಗಲೂ ಇದೇ ಆಯಿತು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದು, ಕುಳಿತು, ಎದ್ದು ಒಳಗೆ ಹೋದರೂ ನಾನು ಮೇಲೆಯೇ ನೋಡುತ್ತಿದ್ದೆನಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಕೇಳಿದ, "ಹೆಂಗ ಅನಿಸ್ತವಾ ಹುಡುಗಿ?" ನಾನು ಹೇಳಿದೆ, "ಹುಡುಗಿ ಚಲೋನ ಇರಬೇಕು. ಆದರ ಅವರ ಪಡಸಾಲಿ ಮೂಡಣ ಮೂಲ್ಯಾಗ ನೀರು ಇಳೀತೈತಿ." ಆ ಹುಡುಗಿಯೇ ಈಗ ನಮ್ಮ ತವರಿನ ಸೊಸೆ. ನಾನು ಹೋದಾಗಲೆಲ್ಲ, "ಅತ್ತಿ, ಮ್ಯಾಲ ನೋಡೂದು ಆತೇನ್ರಿ? ಆಗಿದ್ರ ಒಂಚೂರು ನನ್ನ ಮಾರಿನೂ ನೋಡ್ರಿ" ಎಂದು ಕಾಡುತ್ತಾಳೆ.

ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರಿಗೆ ಮಾತ್ರ ಈ ಚಟ ತಿಳಿದೀತು. ಬ್ಯಾಡಗಿಯ ನಮ್ಮ ಮನೆ ಅಂಥದು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪನೆಯ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು, ಮಳೆಗಾಲದಲ್ಲಿ ಒಳಗೂ ಮಳೆಗಾಲ. ಕೆಲಸವಿಲ್ಲದೆ ಬಿದ್ದುಕೊಂಡವರನ್ನು ಕಂಡು ಜಂತಿ ಎಣಿಸುತ್ತಿದ್ದಾನೆ ಎಂದು ಆಡಿಕೊಳ್ಳುವುದುಂಟಲ್ಲ, ನಮ್ಮಲ್ಲಿ ಅದೇ ಒಂದು ಕೆಲಸ. ನಾನು ಕಾಗಿನೆಲೆಯ ಕಡೆಯ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದವಳು. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಅಂಗಾತ ಮಲಗಿ, ಮಕ್ಕಳ ಹಾಜರಿ ತೆಗೆದುಕೊಂಡಂತೆ ಜಂತಿಗಳ ಹಾಜರಿ ತೆಗೆದುಕೊಳ್ಳುತ್ತೇನೆ. ಯಾವುದು ಕಪ್ಪಾಗಿದೆ, ಯಾವುದು ಸೊಂಟ ಬಗ್ಗಿಸಿದೆ, ಯಾವುದಕ್ಕೆ ಹುಳು ಬಿದ್ದಿದೆ ಎಂದು ನೋಡಿ ಮುಗಿಸಿದ ಮೇಲೆಯೇ ಚಹಕ್ಕೆ ನೀರಿಡುವುದು.

ಈ ಮನೆ ಈಗ ಎರಡು ಮನೆ. ಮಾವನವರು ಇದ್ದಾಗಲೇ ನಡುವೆ ಒಂದು ಗೋಡೆ ಎಬ್ಬಿಸಿ, ಮೂಡಣದ ಪಾಲು ದೊಡ್ಡ ಮಗನಿಗೆ, ಪಡುವಣದ್ದು ಕಿರಿಯರಾದ ನಮ್ಮನೆಯವರಿಗೆ ಎಂದು ಮಾಡಿಕೊಟ್ಟರು. ಜಗಳವಾಡಿ ಮಾಡಿಕೊಂಡ ಪಾಲಲ್ಲ. ಮಕ್ಕಳು ಮರಿ ಹೆಚ್ಚಾದವು, ಒಲೆ ಬೇರೆಯಾದರೆ ಹೆಂಗಸರಿಗೆ ಅನುಕೂಲ ಎಂದು ಮಾಡಿದ್ದು. ಗೋಡೆ ಎದ್ದದ್ದು ನೆಲದಿಂದ ಜಂತಿಯವರೆಗೆ. ಅದರ ಮೇಲಿನ ಮಾಳಿಗೆ ಒಂದಾಗಿಯೇ ಉಳಿಯಿತು. ಗೋಡೆಯ ಆಚೆಗೆ ಇದ್ದವರು ಭಾವನವರ ಹೆಂಡತಿ, ನನ್ನ ನೆಗೆಣ್ಣಿ ಶಾಂತಕ್ಕ.

ಮಣ್ಣಿನ ಮಾಳಿಗೆ ಸೋರಿದರೆ ಜಾಗ ಹುಡುಕುವುದೇ ಒಂದು ವಿದ್ಯೆ. ನಾನು ಹಲಗೇರಿಯಲ್ಲಿ ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ಹಂಚು ಒಡೆದರೆ ಬಿಸಿಲು ತಾನೇ ಒಳಗೆ ಬಂದು ಇಲ್ಲಿ ನೋಡಿ ಎಂದು ತೋರಿಸುತ್ತದೆ. ಮಾಳಿಗೆ ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ. ಒಳಗೆ ಹನಿ ಬಿದ್ದ ಜಾಗ ಮೇಲೆ ಹೋಗಿ ನಿಂತರೆ ಎಲ್ಲಿ ಬರುತ್ತದೆ ಎಂದು ಬ್ರಹ್ಮನಿಗೂ ತಿಳಿಯದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ನಿಂತು, ತುದಿಗೆ ಅರಿವೆ ಸುತ್ತಿದ ಬಿದಿರು ಕೋಲಿನಿಂದ ಒದ್ದೆಯಾದ ಜಾಗಕ್ಕೆ ಬಡಿಯಬೇಕು. ಇನ್ನೊಬ್ಬರು ಬರಿಗಾಲಲ್ಲಿ ಮಾಳಿಗೆ ಹತ್ತಿ, ಆ ಪೆಟ್ಟು ಅಂಗಾಲಿಗೆ ತಾಗುವವರೆಗೆ ಅಡ್ಡಾಡಬೇಕು. ತಾಗಿದ ಕೂಡಲೇ ಹಿಮ್ಮಡಿಯಿಂದ ಗುದ್ದಿ ಸಿಕ್ಕಿತು ಎಂದು ತಿಳಿಸಬೇಕು, ಅಲ್ಲಿ ಒಂದು ಹಿಡಿ ಬೂದಿ ಹಾಕಿ ಗುರುತು ಮಾಡಬೇಕು. ಆಮೇಲೆ ಆ ಗುರುತಿನ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು ಕಲಸಿ ಮೆತ್ತುವುದು.

ನಾನು ಇದನ್ನು ಮೊದಲು ಕಂಡದ್ದು ಮದುವೆಯಾಗಿ ಬಂದ ವರ್ಷ. ಒಳಗೆ ಕೋಲು ಹಿಡಿದವರು ಅತ್ತೆ, ಮೇಲೆ ಇದ್ದವರು ಮಾವ. ಅವರಿಬ್ಬರೂ ನಮ್ಮೆದುರು ಮಾತಾಡಿದ್ದೇ ಕಡಿಮೆ. ಅತ್ತೆ ಗಂಡನ ಹೆಸರು ಹೇಳುವವರಲ್ಲ, ಮಾವ ಹೆಂಡತಿಯನ್ನು ಕರೆಯುತ್ತಿದ್ದದ್ದು ಒಂದು ಕೆಮ್ಮಿನಿಂದ. ಅಂಥವರು ಆವತ್ತು ಸೂರಿನ ಆಚೆ ಈಚೆ ನಿಂತು ಧಪ್ ಧಪ್ ಎಂದು ಅದೆಷ್ಟು ಹೊತ್ತು ಸಂಭಾಷಣೆ ನಡೆಸಿದರು ಅಂತೀರಿ. ಮಾವ ತಪ್ಪು ಜಾಗದಲ್ಲಿ ಗುದ್ದಿದರೆ ಅತ್ತೆ ಸಿಟ್ಟಿನಿಂದ ಜೋರಾಗಿ ಬಡಿಯುತ್ತಿದ್ದರು. ಮೇಲಿನಿಂದ ಉದುರಿದ ಮಣ್ಣು ತಲೆಗೆ ಹೊದ್ದ ಸೆರಗಿನ ತುಂಬ ಬಿದ್ದಿತ್ತು. ನನ್ನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಇವರಿಗೆ ನಾ ಬೈಯೂದು ಇದೊಂದ ಹೊತ್ತಿನಾಗ ನೋಡವಾ" ಎಂದರು. ಅದಕ್ಕಿಂತ ಚಂದದ ಸಂಸಾರ ನಾನು ಕಂಡಿಲ್ಲ.

ಅವರಿಬ್ಬರೂ ಹೋದ ಮೇಲೆ ಕೋಲು ನನ್ನ ಪಾಲಿಗೆ ಬಂತು, ಮಾಳಿಗೆ ಶಾಂತಕ್ಕನ ಪಾಲಿಗೆ. ಗಂಡಸರು ಇಲ್ಲವೆಂದಲ್ಲ. ನಮ್ಮನೆಯವರ ಗಾತ್ರ ನೋಡಿದರೆ ಅವರು ಮೇಲೆ ಹತ್ತುವುದಕ್ಕಿಂತ ಸೋರುವುದೇ ಲೇಸು ಅನಿಸುತ್ತದೆ. ಭಾವನವರಿಗೆ ಏಣಿಯ ಕೆಳಗೆ ನಿಂತರೂ ತಲೆ ತಿರುಗುತ್ತದೆ. ಶಾಂತಕ್ಕ ನನಗಿಂತ ಹಿರಿಯರಾದರೂ ಸೀರೆ ಎತ್ತಿ ಕಟ್ಟಿ ನಿಂತರೆಂದರೆ ಆಡಿನ ಹಾಗೆ ಏರುತ್ತಾರೆ. ಮನೆಗೆ ಗ್ಯಾಸು ಬಂದ ಮೇಲೆ ಬೂದಿ ಎಲ್ಲಿಯದು? ಅವರು ರಂಗೋಲಿ ಡಬ್ಬಿ ಒಯ್ಯುವುದನ್ನು ರೂಢಿ ಮಾಡಿಕೊಂಡರು. ದೊಡ್ಡ ಮಳೆಯ ಮರುದಿನ ನಮ್ಮ ಮಾಳಿಗೆಯ ತುಂಬ ಬಿಳಿಯ ಬೊಟ್ಟುಗಳು. ಪಕ್ಕದ ಮಹಡಿ ಮನೆಗೆ ಬಾಡಿಗೆಗೆ ಹೊಸದಾಗಿ ಬಂದವರು ಒಮ್ಮೆ ಕೇಳಿದ್ದರು, "ಏನ್ ಹಬ್ಬರೀ ಅಕ್ಕೋರ ನಿಮ್ಮಲ್ಲಿ, ಅಂಗಳ ಬಿಟ್ಟು ಮಾಳಿಗಿ ಮ್ಯಾಲ ರಂಗೋಲಿ ಹಾಕೀರಿ?"

ಇಷ್ಟು ಹೇಳಿದ ಮೇಲೆ ನಾನೂ ಶಾಂತಕ್ಕನೂ ಮಾತು ಬಿಟ್ಟ ಕತೆ ಹೇಳಲೇಬೇಕು.

ಬ್ಯಾಡಗಿಯವರ ಮನೆಯಲ್ಲಿ ವರ್ಷದ ಖಾರ ಮಾಡುವುದೆಂದರೆ ಸಣ್ಣ ಮದುವೆ. ಹೊಸ ಮೆಣಸಿನಕಾಯಿ ಬಂದಾಗ ಚೆನ್ನಾಗಿರುವುದನ್ನು ಆರಿಸಿ ತಂದು, ಮಾಳಿಗೆಯ ಮೇಲೆ ಒಣಹಾಕಿ, ಮೂಗಿಗೆ ಅರಿವೆ ಕಟ್ಟಿಕೊಂಡು ತೊಟ್ಟು ಮುರಿಯುತ್ತ ಕೂಡುತ್ತೇವೆ. ಸೀನು ಬಂದರೆ ನಗು, ನಗು ಬಂದರೆ ಮತ್ತೆ ಸೀನು. ಕೊತ್ತಂಬರಿ, ಮೆಂತ್ಯ, ಕೊಬ್ಬರಿ ಎಲ್ಲ ಶಾಂತಕ್ಕನ ಒಲೆಯ ಮೇಲೆಯೇ ಹುರಿಯುವುದು. ನಮ್ಮದೊಂದು ಚೀಲ, ಅವರದೊಂದು ಚೀಲ ಗಿರಣಿಗೆ ಹೋದರೂ ಅಲ್ಲಿ ಎರಡನ್ನೂ ಕೂಡಿಸಿ ಹಾಕಿಸಿ, ಮನೆಗೆ ತಂದು ಕಣ್ಣಳತೆಯಲ್ಲಿ ಹಂಚಿಕೊಳ್ಳುತ್ತಿದ್ದೆವು. ನಮ್ಮೂರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಮ್ಮಿಬ್ಬರ ಜಗಳಗಳೂ ಅದೇ ಜಾತಿಯವು. ಮುಖ ಕೆಂಪಾಗುತ್ತಿತ್ತು, ಸಂಜೆಯ ಚಹದ ಹೊತ್ತಿಗೆ ಇಳಿಯುತ್ತಿತ್ತು.

ಈ ವರ್ಷ ಹಾಗಾಗಲಿಲ್ಲ. ಭಾವನವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಇಷ್ಟು ವರ್ಷ ದಿನಾ ಹೋಗಿ ಬಂದು ಮಾಡಿ ದಣಿದಿದ್ದರು. ಅಲ್ಲಿಯೇ ಒಂದು ಮನೆ ಕಟ್ಟಿಸಿ, ಬೇಸಿಗೆ ಮುಗಿಯುವುದರೊಳಗೆ ಹೋಗಿಬಿಡುವುದೆಂದು ಮಾಡಿದರು. ಎಲ್ಲರಿಗೂ ಖುಷಿಯ ಸಂಗತಿ. ನಾನೇ ಓಣಿಗೆಲ್ಲ ಪೇಡೆ ಹಂಚಿದ್ದೆ. ಅದಾದ ಮೇಲೆ ಖಾರದ ಗಿರಣಿಗೆ ಹೋದೆವು. ಗಿರಣಿಯವನು ಎಂದಿನಂತೆ, "ಎರಡೂ ಕೂಡಿಸೇ ಹಾಕ್ಲೇನ್ರಿ?" ಎಂದು ಕೇಳಿದ. ಶಾಂತಕ್ಕ ಚೀಲದ ಬಾಯಿ ಹಿಡಿದು, "ಬ್ಯಾಡಪಾ. ನಮ್ಮದು ಬ್ಯಾರೆ, ಅವರದು ಬ್ಯಾರೆ" ಅಂದರು.

ಕೇಳುವವರಿಗೆ ಏನೂ ಇಲ್ಲದ ಮಾತು. ನನಗೆ ಎದೆಯಲ್ಲಿ ಏನೋ ಚುರುಕ್ ಅಂದಿತು. ಸುಮ್ಮನಿರಬೇಕೋ ಬೇಡವೋ, "ಹೌದಪಾ, ಬ್ಯಾರೇನ ಹಾಕು. ಕೂಡಿಸಿದರ ಯಾರದರಾಗ ಏನು ಹೋತಂತ ನಾಳೆ ಮಾತು ಬರಬಾರದು" ಎಂದೆ. ಶಾಂತಕ್ಕ ನನ್ನ ಮುಖ ನೋಡಿದರು. ನಾನು ಗಿರಣಿಯ ತಿರುಗುವ ಪಟ್ಟಿ ನೋಡಿದೆ. ಬರುವಾಗ ಅವರು ರಸ್ತೆಯ ಆ ಬದಿ, ನಾನು ಈ ಬದಿ.

ನಮ್ಮ ಕಡೆ ಮಾತು ಬಿಡುವುದಕ್ಕೆ ಅದರದೇ ರೀತಿ ರಿವಾಜು ಇದೆ. ಮಾತು ಬಿಟ್ಟರೆಂದು ವ್ಯವಹಾರ ಬಿಡುವಂತಿಲ್ಲ. ಅವರ ಮನೆಯ ಎಣ್ಣೆಗಾಯಿ ನಮ್ಮ ಮನೆಗೆ ಬರುತ್ತದೆ, ನಮ್ಮ ಮನೆಯ ಹೋಳಿಗೆ ಅವರ ಮನೆಗೆ ಹೋಗುತ್ತದೆ, ಗಂಡಂದಿರ ಕೈಯಲ್ಲಿ. ತುರ್ತಿನ ಸುದ್ದಿಯಿದ್ದರೆ ಎದುರಿಗಿದ್ದವರಿಗೆ ಬಿಟ್ಟು ಬೇರೆ ಯಾರಿಗಾದರೂ ಹೇಳಬೇಕು. ಶಾಂತಕ್ಕ ಹಿತ್ತಲಲ್ಲಿ ತುಳಸಿಯ ಮುಂದೆ ನಿಂತು, "ನಳ ಬಂದೈತಿ ತಾಯಿ, ತುಂಬಕೊಳ್ಳೋರು ತುಂಬಕೋಬೇಕು" ಅನ್ನುತ್ತಿದ್ದರು. ನಾನು ಬೆಕ್ಕನ್ನು ಹಿಡಿದು ನಿಲ್ಲಿಸಿ, "ಗ್ಯಾಸಿನಂವ ಇವತ್ತ ಬರ್ತಾನಂತ. ಖಾಲಿ ಸಿಲಿಂಡರ್ ಇದ್ದವರು ಹೊರಗ ಇಟ್ಟಿರಬೇಕು" ಅನ್ನುತ್ತಿದ್ದೆ. ಬೆಕ್ಕು ಎರಡು ಮನೆಯದೂ ಹೌದು. ನಮ್ಮ ಸಿಟ್ಟಿನ ದಿನಗಳಲ್ಲಿ ಎರಡೂ ಕಡೆ ಹಾಲು ಸಿಕ್ಕು ಅದು ಗುಂಡಗಾಯಿತು. ಇದರಲ್ಲಿ ಇನ್ನೊಂದು ನಿಯಮ ಉಂಟು. ಮೊದಲು ಮಾತಾಡಿದವರು ಸೋತಂತೆ.

ಹೋಗುವ ದಿನ ಹತ್ತಿರ ಬಂದಂತೆ ನನಗೆ ಹೆದರಿಕೆ ಹುಟ್ಟಿತು. ರಾಣೆಬೆನ್ನೂರೇನು ಸಮುದ್ರದಾಚೆ ಇಲ್ಲ, ರೈಲಿನಲ್ಲಿ ಕೂತು ಒಂದು ತೂಕಡಿಕೆ ತೆಗೆಯುವುದರೊಳಗೆ ಬರುತ್ತದೆ. ಆದರೆ ಗೋಡೆಯ ಆಚೆ ಇದ್ದವರ ಜೊತೆಗಿನ ಮಾತು ಬಿಟ್ಟದ್ದು ಬೇರೆ, ಬೇರೆ ಊರಿನಲ್ಲಿದ್ದವರ ಜೊತೆಗಿನದು ಬೇರೆ. ಅದು ಒಣಗಿ ಗಟ್ಟಿಯಾಗುತ್ತದೆ. ನಮ್ಮ ಸೋದರತ್ತೆ ಒಬ್ಬರು ಹೀಗೆಯೇ ನೆಗೆಣ್ಣಿಯ ಜೊತೆ ಮಾತು ಬಿಟ್ಟು ಊರು ಬಿಟ್ಟವರು, ಕಡೆಗೆ ಆ ನೆಗೆಣ್ಣಿಯ ಮಣ್ಣಿಗೆ ಬಂದು ಹೆಣದ ಕೈ ಹಿಡಿದು ಎಲ್ಲ ಮಾತೂ ಆಡಿ ಮುಗಿಸಿದರು. ಶಾಂತಕ್ಕ ಹಾಗೆ ಹೊರಟುಬಿಟ್ಟರೆ? ರಾತ್ರಿ ಮಲಗಿ ಜಂತಿ ನೋಡುತ್ತ ಮಾತು ಜೋಡಿಸುತ್ತಿದ್ದೆ. ಬೆಳಿಗ್ಗೆ ಹಿತ್ತಲಲ್ಲಿ ಎದುರಾದರೆ ಬೆಕ್ಕಿನ ಕಡೆ ತಿರುಗುತ್ತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ನಿಂತು ಮಾತಾಡುವುದನ್ನು ಕಲಿಸಿದ ಬಾಯಿ ನನ್ನದು.

ಬಿರುಗಾಳಿ ಬಂದದ್ದು ಅದೇ ವಾರ. ಕೃತ್ತಿಕಾ ಮಳೆಯ ದಿನಗಳು. ನಮ್ಮನೆಯವರೂ ಭಾವನವರೂ ಹೊಸ ಮನೆಗೆ ಗೇಟು ಕೂಡಿಸುವುದನ್ನು ನೋಡಲು ರಾಣೆಬೆನ್ನೂರಿಗೆ ಹೋಗಿದ್ದರು. ಸಂಜೆ ಪಡುವಣದಲ್ಲಿ ಮುಗಿಲು ಕಪ್ಪಾಯಿತು. ಮೊದಲು ಕೆಂಪು ಧೂಳು, ಆಮೇಲೆ ಗಾಳಿ, ಗಾಳಿಯ ಹಿಂದೆ ಆಲಿಕಲ್ಲು. ಕರೆಂಟು ಹೋಯಿತು. ಯಾರ ಮನೆಯದೋ ತಗಡು ಹಾರಿ ಬಂದು ಎಲ್ಲಿಗೋ ಬಡಿದ ಸದ್ದು, ಹಿತ್ತಲಲ್ಲಿ ಬೇವಿನ ಕೊಂಬೆ ಮುರಿದ ಸದ್ದು. ನಮ್ಮ ಪಾಲಿನಲ್ಲಿ ನಾನೊಬ್ಬಳೇ, ಅವರ ಪಾಲಿನಲ್ಲಿ ಅವರೊಬ್ಬರೇ. ಹನಿ ಬೀಳುವಲ್ಲೆಲ್ಲ ಕೊಳಗ, ಬುಟ್ಟಿ, ಕಡೆಗೆ ಒಗ್ಗರಣೆ ಸೌಟನ್ನೂ ಇಟ್ಟೆ. ಗೋಡೆಯ ಆಚೆ ಶಾಂತಕ್ಕ ಟ್ರಂಕು ಎಳೆಯುವುದು ಕೇಳುತ್ತಿತ್ತು. ಪ್ರತಿ ದೊಡ್ಡ ಸದ್ದಿಗೂ ಅವರು ಒಮ್ಮೆ ಕೆಮ್ಮುತ್ತಿದ್ದರು. ನಾನು ಒಂದು ಪಾತ್ರೆ ಎತ್ತಿ ಕುಕ್ಕುತ್ತಿದ್ದೆ. ಇದ್ದೇನೆ ಎಂದು ತಿಳಿಸಲು ಅಷ್ಟು ಸಾಕಲ್ಲ. ನಮ್ಮನೆಯವರ ಫೋನು ಬಂತು, ದಾರಿಗೆ ಮರ ಬಿದ್ದಿದೆ, ಬೆಳಿಗ್ಗೆ ಬರುತ್ತೇವೆ ಎಂದು.

ಬಿರುಗಾಳಿಯ ಮರುದಿನ ಬೆಳಿಗ್ಗೆ ಓಣಿ ನೋಡಬೇಕು ನೀವು. ಪ್ಲಾಸ್ಟಿಕ್ಕಿನ ನೀರಿನ ಟಾಕಿಯೊಂದು ಯಾರದೋ ಮಾಳಿಗೆಯಿಂದ ಇಳಿದು ಬಂದು ದಾರಿಯ ನಡುವೆ ಮಲಗಿತ್ತು. ನಮ್ಮ ಗೋಡೆಗೆ ಮೂರನೆಯ ಮನೆಯವರ ಸಂಡಿಗೆ ಅಂಟಿಕೊಂಡಿತ್ತು. ಎಲ್ಲರ ಕೈಯಲ್ಲೂ ಬೇರೆಯವರ ಸಾಮಾನು. "ಇದು ನಿಮ್ಮ ಕುರ್ಚಿ ಹೌದಲ್ರಿ?" "ನಮ್ಮದಲ್ಲ. ನಮ್ಮ ಬನಿಯನ್ ಕಂಡ್ರೇನ್ರಿ?" ಹಾನಿ ಹೇಳಿಕೊಳ್ಳುವುದರಲ್ಲೂ ಒಂದು ಪಂದ್ಯ. ಒಬ್ಬರು ಬಾಗಿಲ ಚೌಕಟ್ಟು ಸರಿದಿದೆ ಎಂದರೆ ಇನ್ನೊಬ್ಬರು, "ಅಷ್ಟ ಅಲ್ಲೇನ್ರಿ, ನಮ್ಮದು ಗ್ವಾಡಿಗೇ ಹೊಟ್ಟಿ ಬಂದೈತಿ" ಎಂದು ಒಂದು ಕೈ ಮೇಲಾಗುತ್ತಿದ್ದರು. ಅಕ್ಕೋರ ಗತ್ತಿನಲ್ಲಿ ನಾನು ನಮ್ಮ ಮನೆಯ ತಪಾಸಣೆಗೆ ಹೊರಟೆ. ಗೋಡೆಗೆ ಅಂಗೈ ಇಟ್ಟು ತೇವ ನೋಡಿದೆ. ದೇವರ ಕೋಣೆಯ ಬಾಗಿಲು ಉಬ್ಬಿ ಬಿಗಿಯಾಗಿತ್ತು. ಅಡುಗೆಮನೆಯ ಮೂಲೆಯ ಬಿರುಕು ಹಳೆಯದೋ ಹೊಸದೋ ಎಂದು ಬೆರಳು ತೂರಿಸಿ ನೋಡಿ, ಹಳೆಯದೇ ಎಂದು ಸಮಾಧಾನ ಮಾಡಿಕೊಂಡೆ. ನಡುಗೋಡೆಯ ತಲೆ ಮಾತ್ರ ಪೂರ್ತಿ ನೆನೆದಿತ್ತು. ಅದರ ಪಕ್ಕ ಹನಿ ಇನ್ನೂ ನಿಂತಿರಲಿಲ್ಲ.

ಹೊರಗೆ ಮತ್ತೆ ಮೋಡ. ಇನ್ನೊಂದು ಮಳೆ ಬರುವುದರೊಳಗೆ ಮೇಲೆ ಗುರುತು ಹಾಕಿ ಮಣ್ಣು ಮೆತ್ತದಿದ್ದರೆ ನಡುಗೋಡೆ ಇಳಿಯುವುದು ಖಂಡಿತ. ನಾನು ಕೋಲು ಹಿಡಿದು ನಿಂತೆ. ಮೇಲೆ ಯಾರಿದ್ದಾರೆ? ಗಂಡಸರು ಬಂದರೂ ಇದಕ್ಕೆ ಬಾರದವರು. ಬೆಕ್ಕು ಕಾಲ ಬಳಿ ಕುಳಿತಿತ್ತು. ಅದಕ್ಕೆ, "ಮಾಳಿಗಿ ಹತ್ತೋರು ಹತ್ತಿದ್ರ ಚಲೋ ಇತ್ತು" ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಲ್ಲಿ ಏಣಿ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಸೂರಿನ ಮೇಲೆ ಹೆಜ್ಜೆ.

ಬಡಿದೆ. ಹೆಜ್ಜೆ ಹತ್ತಿರ ಬಂತು, ನಿಂತಿತು, ಗುದ್ದಿತು. ದೇವರ ಕೋಣೆಯಾಯಿತು, ಅಡುಗೆಮನೆಯಾಯಿತು. ಎಷ್ಟೊಂದು ತಿಂಗಳ ಮೇಲೆ ಶಾಂತಕ್ಕ ನನಗೇ ಎಂದು ಕೊಟ್ಟ ಉತ್ತರಗಳು, ಹಿಮ್ಮಡಿಯಿಂದಲಾದರೂ ಸರಿ. ನಡುಗೋಡೆಯ ಪಕ್ಕ ಬಡಿದಾಗ ಮಾತ್ರ ಅವರಿಗೆ ಬೇಗ ಸಿಗಲಿಲ್ಲ. ಅಲ್ಲಿ ಇಲ್ಲಿ ಅಡ್ಡಾಡಿ, ಕಡೆಗೆ ಅವರು ಗುದ್ದಿದ್ದು ಗೋಡೆಯ ಆಚೆ, ಅವರದೇ ಪಾಲಿನ ಮೇಲೆ. ಅಲ್ಲಿ ಮಣ್ಣು ಕೊಚ್ಚಿಹೋಗಿ ಗುಂಡಿ ಬಿದ್ದಿತ್ತಂತೆ. ನೀರು ಅಲ್ಲಿ ಇಳಿದು, ಜಂತಿ ಹಿಡಿದು ಹರಿದು ಬಂದು ನಮ್ಮಲ್ಲಿ ಹನಿಯುತ್ತಿತ್ತು. ಮಣ್ಣಿನ ಮಾಳಿಗೆಯಲ್ಲಿ ಇದು ಹೊಸದಲ್ಲ.

ಒದ್ದೆಯಾದ ಜಾಗಗಳು ಮುಗಿದವು. ಕೋಲು ಮೂಲೆಗಿಟ್ಟು ಹೊರಗೆ ಹೋಗಬೇಕಿತ್ತು. ಆದರೆ ಕೋಲು ಇಟ್ಟರೆ ಅವರು ಇಳಿಯುತ್ತಾರೆ, ಇಳಿದರೆ ತಮ್ಮ ಬಾಗಿಲಿಗೆ ಹೋಗುತ್ತಾರೆ, ವಾರ ಮುಗಿದರೆ ಸಾಮಾನು ಒಯ್ಯಲು ಲಾರಿ ಬರುತ್ತದೆ. ನಾನು ಮಲಗುವ ಕೋಣೆಗೆ ಹೋಗಿ, ಪೂರ್ತಿ ಒಣಗಿದ್ದ ಹಲಗೆಗೆ ಬಡಿದೆ. ಹೆಜ್ಜೆ ಬಂತು, ಗುದ್ದಿತು. ಪಡಸಾಲೆಗೆ ಬಂದು, ಎಂದೂ ಒಂದು ಹನಿ ಕಾಣದ ನಡುತೊಲೆಯ ಪಕ್ಕ ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ. ಜೋರಾಗಿ ಬಡಿದೆ. ಏನೂ ಇಲ್ಲ.

ಒದ್ದೆ ಮಣ್ಣು, ಮುರಿದ ಬೇವಿನ ಕೊಂಬೆ, ಹುಳು ಹಿಡಿದ ಜಂತಿ, ಅವರ ವಯಸ್ಸು, ಎಲ್ಲ ಒಮ್ಮೆಲೇ ನೆನಪಾಯಿತು. ಕೋಲು ಎಲ್ಲಿ ಬಿತ್ತೋ ತಿಳಿಯದು. ಹಿತ್ತಲಿಗೆ ಓಡಿ ಏಣಿಯ ಬುಡದಲ್ಲಿ ನಿಂತು ಕೂಗಿದೆ, "ಅಕ್ಕಾ! ಎಲ್ಲದೀರಿ ಅಕ್ಕಾ?"

"ಇಲ್ಲೇ ಅದೇನಿ. ಬಾ ಮ್ಯಾಲ."

ಏಣಿ ಹತ್ತಿದೆ. ಶಾಂತಕ್ಕ ಮೋಟುಗೋಡೆಗೆ ಬೆನ್ನು ಕೊಟ್ಟು, ಕೆಸರಿನ ಕಾಲು ಚಾಚಿ, ರಂಗೋಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆರಾಮವಾಗಿ ಕುಳಿತಿದ್ದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಯಾಕ ಗುದ್ದಲಿಲ್ಲ? ಎಷ್ಟ ಬಡದೆ ನಾನು. ಜೀವಾ ಹೋಗಿತ್ತು ನಂದು."

"ನಡುತೊಲಿ ಬಾಜೂಕ ಎಂದಾದ್ರೂ ಸೋರೇತೇನು?" ಅಂದರು ಶಾಂತಕ್ಕ. "ಅದಕ್ಕ ಮೊದಲ ಬಡದದ್ದೂ ಸೋರಂಗಿಲ್ಲ. ನಿನ್ನ ಮಲಗೂ ಖೋಲಿ ನನಗ ಗೊತ್ತಿಲ್ಲೇನು? ಯಾಕ ಬಡದಿ?"

ಸುಳ್ಳು ಹೇಳಲು ಹೊಳೆಯಲಿಲ್ಲ. "ನೀವು ಅಲ್ಲೀತನಕ ಬರ್ತೀರೇನಂತ" ಎಂದೆ.

ಅವರು ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ಕುಂದ್ರು" ಅಂದರು. ಕುಳಿತೆ. ಒದ್ದೆ ಮಣ್ಣಿನ ತಂಪು ಸೀರೆಯೊಳಗೆ ಇಳಿಯಿತು. ಬೆಕ್ಕು ಎಲ್ಲಿಂದಲೋ ಹತ್ತಿ ಬಂದು ನಮ್ಮಿಬ್ಬರ ನಡುವೆ ಕುಳಿತು ಮುಖ ಮುಖ ನೋಡಿತು. ಅದಕ್ಕೆ ಹೇಳುವುದು ಯಾರ ಹತ್ತಿರವೂ ಏನೂ ಇರಲಿಲ್ಲ.

"ಗಿರಣ್ಯಾಗ ಬ್ಯಾರೆ ಅಂದೆ ಅಂತ ನೀ ಸಿಟ್ಟಾದಿ" ಎಂದರು ಶಾಂತಕ್ಕ, ನನ್ನ ಕಡೆ ನೋಡದೆ. "ಮುಂದಿನ ವರ್ಷ ನಾ ಅಲ್ಲಿ, ನೀ ಇಲ್ಲಿ. ಹೆಂಗೂ ಬ್ಯಾರೆ ಆಗೂದ ಐತಿ. ಒಮ್ಮಿಗೇ ಆದರ ತಡಕೊಳ್ಳಾಕ ಆಗಂಗಿಲ್ಲ, ಈ ವರ್ಷದಿಂದನ ರೂಢಿ ಆಗ್ಲಿ ಅಂತ ಅಂದೆ."

"ರೂಢಿ ಆತೇನ್ರಿ?"

"ಎಲ್ಲೀ ರೂಢಿ. ಆ ಖಾರ ಸಾರಿಗೆ ಹಾಕೂ ಮುಂದ ಕೈಯ ಬರಂಗಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ದಿನಾ ನಸಿಕಿನ್ಯಾಗ ನೀ ಎದ್ದು ಗ್ಯಾಸ್ ಹಚ್ಚೂ ಸಪ್ಪಳಕ್ಕ ನಾ ಏಳೂದು. ಮಾತು ಬಿಟ್ಟಿದ್ರೂ ಅದು ಕೇಳಿದ ಮ್ಯಾಲ ಏಳತಿದ್ದೆ. ಅಲ್ಲಿ ನಂದು ಒಂಟಿ ಮನಿ. ಗ್ವಾಡಿ ಆಚಿಕ ಬರೇ ಬಯಲು ಐತಿ, ಸರೋಜಾ."

ಆಮೇಲೆ ನಾವಿಬ್ಬರೂ ಅತ್ತೆವು, ಮುಚ್ಚುಮರೆ ಏನು ಬಂತು. ಪಕ್ಕದ ಮಹಡಿಯವರು ಕಿಟಕಿಯಿಂದ ನೋಡಿ, ಹಾನಿ ಬಹಳವೇ ಆಗಿರಬೇಕು ಎಂದುಕೊಂಡು, ಚಹ ಮಾಡಿ ಕಳಿಸಿದರು.

ಮಣ್ಣು ಕಲಸಿ ಮೊದಲ ಗುರುತಿಗೆ ಮೆತ್ತುವ ಹೊತ್ತಿಗೆ ಗಂಡಸರು ಬಂದರು. ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಹೆಂಡತಿಯರಿಬ್ಬರೂ ಮೊಣಕೈವರೆಗೆ ಕೆಸರು ಮಾಡಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದಾರೆ. ನಮ್ಮನೆಯವರು ಅಣ್ಣನ ಕಡೆ ತಿರುಗಿ, "ಗಾಳಿ ನಾವು ತಿಳಕೊಂಡಿದ್ದಕ್ಕಿಂತ ಜೋರ ಬೀಸೇತಿ ನೋಡಣ್ಣ" ಎಂದರು.

ಗೊತ್ತುಮಾಡಿದ ದಿನ ಲಾರಿ ಬಂತು. ಅದನ್ನು ಹಿಗ್ಗಿಸಿ ಹೇಳುವುದು ಬೇಡ. ಹೊಸ ಮನೆಯ ವಾಸ್ತುಶಾಂತಿಗೆ ರಾಣೆಬೆನ್ನೂರಿಗೆ ಹೋದಾಗ ನಾನು ರೂಢಿಯಂತೆ ಮೇಲೆ ನೋಡಿದೆ. ಬೆಳ್ಳಗೆ ಬಳಿದ ಸ್ಲ್ಯಾಬು, ಎಣಿಸಲು ಏನೂ ಇಲ್ಲ. "ಏನ್ ನೋಡ್ತಿ. ಇದು ಸೋರಂಗಿಲ್ಲ" ಎಂದರು ಶಾಂತಕ್ಕ. ಸೋರದ ಮನೆಯ ಬಗ್ಗೆ ಅಷ್ಟು ಸಪ್ಪಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಬ್ಯಾಡಗಿಯಲ್ಲಿ ಅವರ ಪಾಲಿಗೆ ಬೀಗ ಬಿತ್ತು. ದಿನಾ ಮಾತಾಡಲು ಫೋನು ಇದೆ, ಮಾತಾಡುತ್ತೇವೆ ಕೂಡ. ಆದರೂ ನಸುಕಿನಲ್ಲಿ ಗ್ಯಾಸ್ ಹಚ್ಚಿದ ಮೇಲೆ ನಾನು ಒಂದು ಗಳಿಗೆ ಗೋಡೆಯ ಕಡೆ ಕಿವಿಗೊಟ್ಟು ನಿಲ್ಲುತ್ತೇನೆ. ಬೀಗ ಹಾಕಿದ ಮನೆ ಕೆಮ್ಮುವುದಿಲ್ಲ ಎಂದು ಗೊತ್ತಿದ್ದೂ.

ಮಿರಗ ಮಳೆ, ಪಂಚಾಂಗದ ಮೃಗಶಿರಾ, ಹಿಡಿದದ್ದು ಜೂನಿನಲ್ಲಿ. ಗಾಳಿಯಿಲ್ಲದ, ಗುಡುಗಿಲ್ಲದ, ರಾತ್ರಿಯಿಡೀ ಒಂದೇ ಹದದಲ್ಲಿ ಸುರಿದ ಮಳೆ. ನಾನು ಎದ್ದು ಎದ್ದು ಟಾರ್ಚು ಬಿಟ್ಟು ನೋಡಿದೆ. ನಾವಿಬ್ಬರೂ ಕೂಡಿ ಮೆತ್ತಿದ ಮಣ್ಣು ಗಟ್ಟಿಯಾಗಿ ಕುಳಿತಿತ್ತು. ಕೊಳಗ, ಬುಟ್ಟಿ ಎಲ್ಲ ಖಾಲಿ.

ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಮೊದಲ ರೈಲಿಗೆ ಬಂದಿಳಿದವರು ಓಣಿಯಲ್ಲಿ ಬರುತ್ತಿದ್ದರು. ಅವರಲ್ಲಿ ಒಬ್ಬರು ಛತ್ರಿ ಮಡಚಿ, ನಮ್ಮ ಬಾಗಿಲಿಗೆ ಬಾರದೆ, ಸೀದಾ ಹಿತ್ತಲಿನ ದಾರಿ ಹಿಡಿದರು. ನಾನು ಕಸಬರಿಗೆ ಹಿಡಿದೇ ಹಿಂದೆ ಹೋದೆ. ಶಾಂತಕ್ಕ ಚೀಲ ಕಟ್ಟೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಏಣಿಯ ಅರ್ಧಕ್ಕೆ ಏರಿದ್ದರು.

"ಅಲ್ಲಿ ರಾತ್ರಿ ಮಳಿ ಬಂದದ್ದ ಗೊತ್ತಾಗಲಿಲ್ಲ. ಕಿಡಕಿ ತಗದು ನೋಡಿದೆ, ಹುಯ್ಯಾಕತ್ತಿತ್ತು. ಆಮ್ಯಾಲ ನಿದ್ದಿ ಬರಲಿಲ್ಲ" ಎಂದರು, ತಿರುಗಿ ನೋಡದೆ. "ಏನ್ ನಿಂತ ನೋಡ್ತಿ? ಒಳಗ ಹೋಗಿ ಬಡಿ."

ರಾತ್ರಿ ಮನೆಯೊಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಒಳಗೆ ಹೋಗಿ, ಕೋಲು ತೆಗೆದುಕೊಂಡು, ದೇವರ ಕೋಣೆಯಿಂದ ಶುರು ಮಾಡಿದೆ.